ಎರೆಹೊಲದಲ್ಲಿ ನಿಂತುಬಿಟ್ಟ ಹೊಸ ಜೀಪು: ದೂರಬೇಕಾದದ್ದು ಯಾರನ್ನು?

ಆಕ್ಸಿಲರೇಟರ್ ತಳ ಮುಟ್ಟಿದೆ, ಎಂಜಿನ್ ಮಾತ್ರ ಏರುತ್ತಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರವಿರುವ ಹಳದಿ ದೀಪವೊಂದು ಮಿನುಗುತ್ತಿದೆ. ಜೇವರ್ಗಿ ತಾಲ್ಲೂಕಿನ ನಮ್ಮ ತೊಗರಿ ಹೊಲದ ಬಂಡಿದಾರಿಯಲ್ಲಿ, ಮೃಗಶಿರಾ ಮಳೆ ಬಿದ್ದ ಮರುದಿನ ಬೆಳಿಗ್ಗೆ, ನಾನು ಕೊಂಡು ನಾಲ್ಕು ತಿಂಗಳಾಗಿದ್ದ ಹೊಸ ಗಾಡಿ ಹೀಗೆ ನಿಂತುಬಿಟ್ಟಿತು. ಇದೇ ದಾರಿಯಲ್ಲಿ ಅಪ್ಪನ ಹಳೆಯ ಜೀಪನ್ನು ವರ್ಷಗಟ್ಟಲೆ ಓಡಿಸಿದವನು ನಾನು. ಆ ಜೀಪು ಇಲ್ಲಿ ಜಾರುತ್ತಿತ್ತು, ಅಡ್ಡಡ್ಡ ಹೋಗುತ್ತಿತ್ತು, ಚಕ್ರದಿಂದ ಮಣ್ಣಿನ ಹೆಂಟೆಗಳನ್ನು ಮನೆಯೆತ್ತರಕ್ಕೆ ಎರಚುತ್ತಿತ್ತು, ಆದರೆ ದಾಟುತ್ತಿತ್ತು.

ಕೆಳಗಿಳಿದು ನೋಡಿದರೆ ಟೈರಿನ ಗೆರೆಗಳೇ ಕಾಣಿಸುತ್ತಿರಲಿಲ್ಲ. ಎರೆಮಣ್ಣು ಗೆರೆಗಳ ಸಂದಿಯನ್ನೆಲ್ಲ ತುಂಬಿ, ಮೇಲೆ ಕೈಯಿಂದ ಸವರಿದಂತೆ ನುಣುಪಾಗಿತ್ತು. ಕುಡುಗೋಲಿನ ತುದಿಯಿಂದ ಕೆರೆದರೆ ಬೆಲ್ಲದ ಅಚ್ಚಿನಂತೆ ಒಂದೊಂದೇ ಗಟ್ಟಿ ಕಳಚಿ ಬರುತ್ತಿತ್ತು. ಕೊನೆಗೆ ಪಕ್ಕದ ಹೊಲದವರು ಟ್ರ್ಯಾಕ್ಟರ್ ತಂದರು. ಹಗ್ಗ ಕಟ್ಟಲು ಹೋದರೆ ಮುಂದೆ ಕೊಕ್ಕೆಯೇ ಇಲ್ಲ. ಬಂಪರಿನ ಮೇಲಿನ ಚಿಕ್ಕ ಮುಚ್ಚಳ ತೆಗೆದು, ಟೂಲ್ ಚೀಲದಲ್ಲಿರುವ ಬಳೆಯನ್ನು ತಿರುಪಿ ಕೂರಿಸಬೇಕೆಂದು ತಿಳಿಯುವಷ್ಟರಲ್ಲಿ ಹತ್ತು ಗಂಟೆಯಾಗಿತ್ತು.

ಆ ದಿನ ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಆಮೇಲೆ ಒಂದು ವರ್ಷ ಕಲಬುರಗಿಯ ಗ್ಯಾರೇಜುಗಳಲ್ಲಿ, ಬೀದರ್ ಮತ್ತು ಯಾದಗಿರಿ ಕಡೆಯ ಚಾಲಕರ ಜೊತೆ, ಗಾಡಿಯ ಕೈಪಿಡಿಯ ಜೊತೆ ಕೂತು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾವೆಲ್ಲ ಒಂದೇ ತಪ್ಪು ಮಾಡುತ್ತಿದ್ದೇವೆ. ಹೊಸ ಗಾಡಿಯಲ್ಲಿ ಹಿಡಿಸದ್ದನ್ನೆಲ್ಲ ಒಂದೇ ಮೂಟೆಗೆ ಕಟ್ಟಿ ‘ಕಂಪ್ಯೂಟರ್ ಗಾಡಿ’ ಎಂದು ಬೈಯುತ್ತೇವೆ. ಆ ಮೂಟೆಯಲ್ಲಿ ಮೂರು ಬಗೆಯ ಸರಕು ಬೆರೆತಿದೆ. ಕೆಲವು ಬದಲಾವಣೆಗಳು ಕಾನೂನು ತಂದವು. ಅವನ್ನು ಅರಿತು ನಡೆಸಬೇಕು. ಕೆಲವು ನಗರದ ಗ್ರಾಹಕರ ಆಸೆಗೆ ಬಂದವು. ಅವನ್ನು ಕೊಳ್ಳುವಾಗಲೇ ಬೇಡವೆನ್ನಬಹುದು. ಇನ್ನು ಕೆಲವು ನಿಜಕ್ಕೂ ಒಳ್ಳೆಯವು, ಬಳಸುವ ರೀತಿ ಮಾತ್ರ ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಮೊದಲು ಆ ಹಳದಿ ದೀಪದ ವಿಷಯ. ಗಾಡಿ ತಿರುಗುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಅದಕ್ಕೆ ಅವಕಾಶ ಕೊಡಲೆಂದೇ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಗಡ್ಡೆ ಇರುತ್ತದೆ. ಡಾಂಬರಿನ ಮೇಲೆ ಇದು ಉಪಕಾರಿ. ಕೆಸರಿನಲ್ಲಿ ಇದೇ ಶತ್ರು. ಹಿಡಿತವಿಲ್ಲದ ಚಕ್ರ ಗರಗರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಚಕ್ರ ಸುಮ್ಮನೆ ನಿಲ್ಲುತ್ತದೆ, ಶಕ್ತಿಯೆಲ್ಲ ಪೋಲು. ನಾಲ್ಕೂ ಚಕ್ರಗಳಿಗೆ ಶಕ್ತಿ ಕಳಿಸುವ ಫೋರ್ ವೀಲ್ ಡ್ರೈವ್ ಹಾಕಿದರೂ ಮುಂದೊಂದು, ಹಿಂದೊಂದು ಚಕ್ರ ತೇಲಿದರೆ ಗಾಡಿ ಕದಲುವುದಿಲ್ಲ.

ಇದಕ್ಕೆ ಎರಡು ಮದ್ದುಗಳಿವೆ. ಒಂದು, ಲಾಕರ್: ಎರಡು ಚಕ್ರಗಳನ್ನೂ ಒಂದೇ ಅಚ್ಚಿಗೆ ಬಿಗಿದಂತೆ ಒಟ್ಟಿಗೆ ತಿರುಗಿಸುವ ಕೀಲು. ಫೋರ್ಸ್ ಗೂರ್ಖಾದಲ್ಲಿ ಮುಂದೂ ಹಿಂದೂ ಲಾಕರ್ ಇದೆ, ಚಾಲಕನೇ ಕೈಯಿಂದ ಎಳೆದು ಹಾಕಬೇಕು. ಎರಡನೆಯದು ಬ್ರೇಕಿನ ಮದ್ದು. ಪ್ರತಿ ಚಕ್ರದ ಬಳಿಯಿರುವ ಸಂವೇದಕ, ಯಾವ ಚಕ್ರ ವೃಥಾ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ಆ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ತಡೆ ಸಿಕ್ಕಿದ ಕೂಡಲೇ ಶಕ್ತಿ ಎದುರಿನ ಚಕ್ರಕ್ಕೆ ಹರಿಯುತ್ತದೆ. 2023ರಲ್ಲಿ ಬಂದ ಮಾರುತಿ ಜಿಮ್ನಿ ನಂಬಿರುವುದು ಈ ಉಪಾಯವನ್ನೇ. ಪ್ರತ್ಯೇಕ ಲಾಕರ್ ಬೇಕಿಲ್ಲವಾದ್ದರಿಂದ ಕಂಪನಿಗೆ ಅಗ್ಗ, ತೂಕವೂ ಕಡಿಮೆ.

ಇಲ್ಲಿಯವರೆಗೆ ತಕರಾರಿಲ್ಲ. ತಕರಾರು ಇರುವುದು ಇದರ ಜೊತೆಗೇ ಬರುವ ಇನ್ನೊಂದು ಕೆಲಸದಲ್ಲಿ. ಸ್ಥಿರತೆ ಕಾಯುವ ಇಎಸ್‌ಪಿ ವ್ಯವಸ್ಥೆ ಚಕ್ರ ಜಾರಿದ್ದು ಕಂಡ ಕೂಡಲೇ ಎಂಜಿನ್ನಿನ ಶಕ್ತಿಯನ್ನೂ ತಗ್ಗಿಸುತ್ತದೆ. ಹುಮನಾಬಾದಿನ ಬಳಿ ಮಳೆಯಲ್ಲಿ ನೆನೆದ ಹೆದ್ದಾರಿಯ ಮೇಲೆ ನೂರರ ವೇಗದಲ್ಲಿ ಹೋಗುವಾಗ ಅದು ಹಾಗೆ ಮಾಡಲೇಬೇಕು, ಜೀವ ಉಳಿಯುವುದು ಅದರಿಂದಲೇ. ಎರೆಮಣ್ಣಿನ ಗುಣ ಬೇರೆ. ನೀರು ಕುಡಿದು ಉಬ್ಬುವ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುವ ಜೇಡಿ ಅದು. ಒದ್ದೆಯಾದಾಗ ಅಂಟಿನಂತೆ ಹಿಡಿಯುತ್ತದೆ. ಟೈರು ತನ್ನ ಗೆರೆಗಳಲ್ಲಿ ತುಂಬಿದ ಮಣ್ಣನ್ನು ಕೊಡವಿಕೊಳ್ಳಬೇಕಾದರೆ ಸ್ವಲ್ಪ ಜೋರಾಗಿ ತಿರುಗಲೇಬೇಕು. ಅಪ್ಪನ ಜೀಪು ಹೆಂಟೆ ಎರಚುತ್ತಿದ್ದುದು ಆ ಕೊಡವುವಿಕೆಯೇ. ಹೊಸ ಗಾಡಿಯ ಕಂಪ್ಯೂಟರಿಗೆ ಅದು ಅಪಾಯದಂತೆ ಕಾಣುತ್ತದೆ. ಶಕ್ತಿ ಕತ್ತರಿಸುತ್ತದೆ, ಟೈರು ನಿಧಾನವಾಗುತ್ತದೆ, ಮಣ್ಣು ಗೆರೆಯಲ್ಲೇ ಉಳಿಯುತ್ತದೆ. ನುಣುಪಾದ ರಬ್ಬರ್ ಉಂಗುರದ ಮೇಲೆ ಗಾಡಿ ನಿಲ್ಲುತ್ತದೆ.

ಪರಿಹಾರ ಒಂದು ಬಟನ್. ಇಎಸ್‌ಪಿ ಆಫ್ ಎಂಬ ಬಟನ್ನನ್ನು ಒಮ್ಮೆ ಒತ್ತಿದರೆ ಕೆಲವು ಗಾಡಿಗಳಲ್ಲಿ ಅದು ಅರ್ಧ ಮಾತ್ರ ಆರುತ್ತದೆ. ಕೆಲವು ಕ್ಷಣ ಒತ್ತಿ ಹಿಡಿದರೆ ಪೂರ್ತಿ. ಹಲವು ಗಾಡಿಗಳಲ್ಲಿ ಫೋರ್ ಲೋ, ಎಂದರೆ ನಾಲ್ಕೂ ಚಕ್ರ ನಿಧಾನವಾಗಿ, ಹೆಚ್ಚು ಬಲದಿಂದ ತಿರುಗುವ ಗೇರ್ ಹಾಕಿದರೆ ಎಂಜಿನ್ ಶಕ್ತಿ ಕತ್ತರಿಸುವ ಕೆಲಸ ತಾನಾಗಿ ನಿಲ್ಲುತ್ತದೆ, ನಾಲ್ಕೂ ಚಕ್ರ ಮಾಮೂಲಿ ವೇಗದಲ್ಲಿ ತಿರುಗುವ ಫೋರ್ ಹೈನಲ್ಲಿ ನಿಲ್ಲುವುದಿಲ್ಲ. ನಾನು ಆ ದಿನ ಇದ್ದದ್ದು ಫೋರ್ ಹೈನಲ್ಲಿ. ಗಾಡಿ ಕೈಗೊಪ್ಪಿಸಿದ ದಿನ ಮೊಬೈಲ್ ಜೋಡಿಸುವುದು ಹೇಗೆಂದು ಅರ್ಧ ಗಂಟೆ ತೋರಿಸಿದರು. ಈ ಬಟನ್ ಬಗ್ಗೆ ಒಂದು ಮಾತೂ ಬರಲಿಲ್ಲ. ನನ್ನ ನಿಜವಾದ ದೂರು ಇದೇ.

ಇನ್ನೊಂದು ಸಂಗತಿ ಹಳೆಯ ಚಾಲಕರಿಗೆ ಒಪ್ಪಿಕೊಳ್ಳಲು ಕಷ್ಟ. ಚಕ್ರ ಜಾರಿದ ಕೂಡಲೇ ಕಾಲು ತೆಗೆಯುವುದು ನಮಗೆ ರೂಢಿ. ಬ್ರೇಕಿನಿಂದ ಹಿಡಿತ ಹುಡುಕುವ ಹೊಸ ವ್ಯವಸ್ಥೆಯಲ್ಲಿ ಇದೇ ತಪ್ಪು. ಚಕ್ರ ತಿರುಗಿದರೆ ಮಾತ್ರ ಕಂಪ್ಯೂಟರಿಗೆ ಜಾರುವುದು ತಿಳಿಯುತ್ತದೆ. ಕಾಲನ್ನು ಅಲುಗಿಸದೆ ಎರಡು ಮೂರು ಕ್ಷಣ ಹಿಡಿದರೆ ಕೆಳಗಿನಿಂದ ಕಟಕಟ ಸದ್ದು ಬರುತ್ತದೆ, ಗಾಡಿ ಮೆಲ್ಲಗೆ ತೆವಳುತ್ತದೆ. ಆ ಸದ್ದು ಕೇಳಿ ಏನೋ ಮುರಿಯಿತೆಂದು ಕಾಲು ತೆಗೆದವರೇ ಹೆಚ್ಚು. ಹಾಗೆಂದು ಅರ್ಧ ಗಂಟೆ ಅದನ್ನೇ ಮಾಡಿದರೆ ಬ್ರೇಕ್ ಕಾದು ವ್ಯವಸ್ಥೆ ತಾನೇ ಕೈಬಿಡುತ್ತದೆ. ಲಾಕರಿಗೆ ಆ ದಣಿವಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರದ ಬಂಡೆಗುಡ್ಡಗಳಲ್ಲಿ ಒಂದು ಚಕ್ರ ಗಾಳಿಯಲ್ಲಿ ತೂಗುವ ಜಾಗಗಳಿವೆ. ಅಲ್ಲಿ ದಿನವೂ ಓಡಾಡುವವರು ಲಾಕರ್ ಇರುವ ಮಾದರಿಯನ್ನೇ ಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಡೀಸೆಲ್ ಗಾಡಿಯವರ ಅತಿ ದೊಡ್ಡ ಸಂಕಟ ಮಾತ್ರ ಕೆಸರಿನದಲ್ಲ, ಮಸಿಯದು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಮಾಲಿನ್ಯ ನಿಯಮ ಜಾರಿಗೆ ಬಂತು. ಅದರೊಂದಿಗೆ ಡೀಸೆಲ್ ಎಸ್‌ಯುವಿಗಳ ಹೊಗೆಕೊಳವೆಯಲ್ಲಿ ಡಿಪಿಎಫ್ ಎಂಬ ಸೋಸುಕ ಬಂದಿತು. ಜೇನುಗೂಡಿನಂತೆ ಸಣ್ಣ ಸಣ್ಣ ರಂಧ್ರಗಳಿರುವ ಈ ಗಡ್ಡೆ ಹೊಗೆಯಲ್ಲಿನ ಮಸಿಯನ್ನು ಹಿಡಿದಿಡುತ್ತದೆ. ಹಿಡಿದದ್ದು ತುಂಬಿದಾಗ ಅದನ್ನು ಸುಡಬೇಕು. ಸುಡಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹೆದ್ದಾರಿಯಲ್ಲಿ ಓಡುವ ಗಾಡಿಯಲ್ಲಿ ಇದು ನಮಗೆ ಗೊತ್ತಾಗದಂತೆ ನಡೆದುಹೋಗುತ್ತದೆ. ಊರಿನಿಂದ ಹೊಲಕ್ಕೆ ಮೂರು ಕಿಲೋಮೀಟರು, ಹೊಲದಿಂದ ಸಂತೆಗೆ ಆರು, ನಡುನಡುವೆ ಎಂಜಿನ್ ಬಂದ್: ಇಂಥ ಓಡಾಟದಲ್ಲಿ ಕೊಳವೆ ಕಾಯುವುದೇ ಇಲ್ಲ. ಸುಡಲು ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ, ನಾವು ನಡುವೆ ಬೀಗದ ಕೈ ತಿರುಗಿಸುತ್ತೇವೆ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೀಗೆ ಪದೇ ಪದೇ ಆದರೆ ಉರಿಯದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಕಡ್ಡಿಯಲ್ಲಿ ಮಟ್ಟ ಇಳಿಯುವ ಬದಲು ಏರಿದ್ದು ಕಂಡರೆ ಅದು ಶುಭಸೂಚನೆಯಲ್ಲ, ಗಾಡಿಯನ್ನು ಕೂಡಲೇ ತೋರಿಸಬೇಕು.

ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮಸಿ ಸುಡುತ್ತಿರುವಾಗ ಗಾಡಿಯ ತಳಭಾಗ ವಿಪರೀತ ಬಿಸಿಯಾಗಿರುತ್ತದೆ. ಹಿಂಗಾರಿ ಜೋಳ ಕೊಯ್ದ ಹೊಲದಲ್ಲಿ, ತೊಗರಿ ಹೊಟ್ಟು ಹರಡಿದ ಕಣದಲ್ಲಿ, ಮಾರ್ಚ್ ಏಪ್ರಿಲ್ ಬಿಸಿಲಿಗೆ ಗರಿಗರಿಯಾದ ಹುಲ್ಲಿನ ಮೇಲೆ ಆಗ ಗಾಡಿ ನಿಲ್ಲಿಸಿದರೆ ಬೆಂಕಿ ಹೊತ್ತಿಕೊಳ್ಳಬಹುದು. ನಿಂತಾಗಲೂ ಎಂಜಿನ್ನಿನ ಸದ್ದು ಎಂದಿಗಿಂತ ಏರಿದ್ದರೆ, ಕೆಳಗಿನಿಂದ ಸುಟ್ಟ ವಾಸನೆ ಬಂದರೆ, ಬರಿಯ ನೆಲ ಹುಡುಕಿ ನಿಲ್ಲಿಸಿ. ಸೋಸುಕವನ್ನೇ ಕಿತ್ತು ಖಾಲಿ ಕೊಳವೆ ಹಾಕಿಕೊಡುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ, ಆ ಮಸಿ ನಮ್ಮದೇ ಮಕ್ಕಳ ಶ್ವಾಸಕ್ಕೆ ಹೋಗುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ನಿಲ್ಲಿಸದೆ ಓಡಿಸುವುದೇ ಸರಿಯಾದ ಮದ್ದು. ಆ ಓಡಾಟವೇ ಇಲ್ಲದವರು ಪೆಟ್ರೋಲ್ ಗಾಡಿ ಕೊಳ್ಳುವುದು ಲೇಸು. ಆದರೆ ಇಲ್ಲೊಂದು ತೊಡಕಿದೆ: 2024ರಲ್ಲಿ ಬಂದ ಮಹೀಂದ್ರಾದ ಐದು ಬಾಗಿಲಿನ ಥಾರ್ ರಾಕ್ಸ್ ಫೋರ್ ವೀಲ್ ಡ್ರೈವ್‌ನೊಂದಿಗೆ ಬಂದದ್ದು ಡೀಸೆಲ್ಲಿನಲ್ಲಿ ಮಾತ್ರ. ಪೆಟ್ರೋಲ್ ಮತ್ತು ಫೋರ್ ವೀಲ್ ಡ್ರೈವ್ ಎರಡೂ ಬೇಕೆಂದರೆ ಮೂರು ಬಾಗಿಲಿನ ಥಾರ್ ಅಥವಾ ಜಿಮ್ನಿಯತ್ತ ನೋಡಬೇಕು.

ಲಿವರ್ ಹೋಗಿ ಗುಂಡಿ ಬಂತು ಎಂಬ ದೂರು ಎಲ್ಲ ಕಡೆ ಕೇಳುತ್ತದೆ. ಗೂರ್ಖಾದಲ್ಲಿ 2024ರಿಂದ ಫೋರ್ ವೀಲ್ ಡ್ರೈವ್ ಹಾಕಲು ತಿರುಗಿಸುವ ಗುಂಡಿ ಬಂದಿದೆ, ಸ್ಕಾರ್ಪಿಯೋ-ಎನ್‌ನಲ್ಲೂ ಸ್ವಿಚ್ಚೇ. ಜಿಮ್ನಿ ಮತ್ತು ಮೂರು ಬಾಗಿಲಿನ ಥಾರ್ ಲಿವರನ್ನು ಉಳಿಸಿಕೊಂಡಿವೆ. ಲಿವರಿನಲ್ಲಿ ಹಲ್ಲಿಗೆ ಹಲ್ಲು ಕೂತದ್ದು ಅಂಗೈಗೆ ತಿಳಿಯುತ್ತದೆ. ಗುಂಡಿ ಮೋಟಾರಿಗೆ ಸಂದೇಶ ಕಳಿಸುತ್ತದೆ, ಮೋಟಾರು ಹಲ್ಲು ಜೋಡಿಸಲು ಯತ್ನಿಸುತ್ತದೆ, ಕೂಡದಿದ್ದರೆ ದೀಪ ಮಿನುಗುತ್ತದೆ. ಆಗ ಗುಂಡಿಯನ್ನು ಮತ್ತೆ ಮತ್ತೆ ತಿರುಗಿಸಬಾರದು. ನ್ಯೂಟ್ರಲ್‌ನಲ್ಲಿಟ್ಟು ಗಾಡಿಯನ್ನು ಅರ್ಧ ಮಾರು ಹಿಂದೆ ಮುಂದೆ ಉರುಳಿಸಿದರೆ ಹಲ್ಲು ಸೇರುತ್ತದೆ. ಗುಂಡಿಯ ನಿಜವಾದ ದೌರ್ಬಲ್ಯ ಅದರ ತಂತಿ. ತೊಗರಿ ಚೀಲ ಪೇರಿಸಿದ ಅಂಗಳದಲ್ಲಿ ನಿಂತ ಗಾಡಿಯ ತಂತಿಯನ್ನು ಇಲಿ ಕಡಿದರೆ, ನಿಮಗೆ ಲೋ ಗೇರ್ ಬೇಕಾದ ದಿನವೇ ಅದು ಸಿಗುವುದಿಲ್ಲ. ಸುಗ್ಗಿಯ ತಿಂಗಳುಗಳಲ್ಲಿ ನಾನು ವಾರಕ್ಕೊಮ್ಮೆ ಬಾನೆಟ್ ಎತ್ತಿ, ಬ್ಯಾಟರಿಯ ಹಿಂದಿನ ಮೂಲೆಗೆ ಟಾರ್ಚ್ ಬಿಟ್ಟು ನೋಡುತ್ತೇನೆ.

ಇನ್ನು ಕಾನೂನು ತಂದದ್ದಲ್ಲದ, ಶೋಕಿ ತಂದ ಬದಲಾವಣೆ: ಚಕ್ರದ ಗಾತ್ರ. ಟೈರಿನ ಪಕ್ಕದಲ್ಲಿರುವ ಅಂಕಿಗಳನ್ನು ಓದಲು ಕಲಿಯಿರಿ. 245/75 ಆರ್16 ಎಂದರೆ ಅಗಲ 245 ಮಿಲಿಮೀಟರ್, ಗೋಡೆಯ ಎತ್ತರ ಅದರ ಶೇ 75, ಎಂದರೆ ಸುಮಾರು 184 ಮಿಲಿಮೀಟರ್. 255/65 ಆರ್18ರಲ್ಲಿ ಆ ಗೋಡೆ 166ಕ್ಕೆ ಇಳಿಯುತ್ತದೆ, 255/60 ಆರ್19ರಲ್ಲಿ 153ಕ್ಕೆ. ಲೋಹದ ಚಕ್ರ ದೊಡ್ಡದಾದಷ್ಟೂ ನೋಟ ಚೆಂದ. ಕಲ್ಲಿಗೆ ಬಡಿದಾಗ ಮೆತ್ತೆಯಾಗುವ ರಬ್ಬರು ಮಾತ್ರ ಕಡಿಮೆ. ಶಹಾಬಾದ್ ಕಡೆ ಕಲ್ಲುಗಣಿಯ ದಾರಿಗಳಲ್ಲಿ ಒಡೆದ ಪರಸಿಯ (ಹಾಸುಗಲ್ಲಿನ) ಅಂಚುಗಳು ಹರಿತವಾಗಿರುತ್ತವೆ; ಟೈರಿನ ಗೋಡೆ ಸೀಳಿದರೆ ಪಂಕ್ಚರ್ ತೇಪೆ ಕೆಲಸಕ್ಕೆ ಬಾರದು. ಕೆಸರಿಗೂ ಮರಳಿಗೂ ಗಾಳಿ ಇಳಿಸಿ ಟೈರನ್ನು ಚಪ್ಪಟೆ ಮಾಡಿಕೊಳ್ಳಬೇಕಾದಾಗಲೂ ಎತ್ತರದ ಗೋಡೆಯೇ ಬೇಕು. ಆದ್ದರಿಂದ ಮೇಲಿನ ದರ್ಜೆಯ ಮಾದರಿಗಿಂತ ಕೆಳಗಿನ ದರ್ಜೆಯ ಚಿಕ್ಕ ಚಕ್ರ ನಮ್ಮ ನೆಲಕ್ಕೆ ಒಗ್ಗುತ್ತದೆ. ಬಿಡಿ ಚಕ್ರ ಇದೆಯೇ ಎಂಬುದನ್ನೂ ಕೇಳಿ. ಟೈರಿನ ಒತ್ತಡ ತೋರಿಸುವ ಸಾಧನ ಮತ್ತು ದುರಸ್ತಿ ಸಾಮಗ್ರಿ ಇದ್ದರೆ ಬಿಡಿ ಚಕ್ರವಿಲ್ಲದೆಯೂ ಕಾರು ಮಾರಬಹುದೆಂದು 2020ರಲ್ಲೇ ನಿಯಮ ಸಡಿಲವಾಗಿದೆ. ನಗರಕ್ಕೆ ಅದು ಸರಿ. ಚಿಂಚೋಳಿ ಕಾಡಿನಂಚಿನ ದಾರಿಗಲ್ಲ.

ಟಚ್‌ಸ್ಕ್ರೀನ್ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಕುಲುಕುವ ದಾರಿಯಲ್ಲಿ ಬೆರಳು ಗುರಿ ತಪ್ಪುತ್ತದೆ, ಮೇ ತಿಂಗಳ ಬಿಸಿಲಿಗೆ ಪರದೆ ಕಾಣುವುದಿಲ್ಲ, ಸೇಡಂ ಮತ್ತು ವಾಡಿಯ ಸಿಮೆಂಟ್ ದೂಳು ಕೂತ ಗಾಜಿನ ಮೇಲೆ ಕಣ್ಣು ನೆಟ್ಟು ಏಸಿ ಕಡಿಮೆ ಮಾಡುವುದು ಅಪಾಯ. ಈ ದೂರು ನಮ್ಮೊಬ್ಬರದೇ ಅಲ್ಲ. ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಅಳೆಯುವ ಯುರೋ ಎನ್‌ಕ್ಯಾಪ್ ಸಂಸ್ಥೆಯು ಇಂಡಿಕೇಟರ್, ವೈಪರ್, ಹಾರ್ನ್‌ನಂಥ ಮುಖ್ಯ ಕೆಲಸಗಳಿಗೆ ಕೈಗೆ ತಾಗುವ ಬಟನ್ ಇದ್ದರಷ್ಟೇ ಪೂರ್ಣ ಅಂಕ ಎಂಬ ನಿಯಮವನ್ನು 2026ರಿಂದ ಅನ್ವಯಿಸಲು ತೀರ್ಮಾನಿಸಿತು.

ರಾಡಾರ್ ಮತ್ತು ಕ್ಯಾಮೆರಾದಿಂದ ತಾನೇ ಬ್ರೇಕ್ ಹಾಕುವ ಅಡಾಸ್ ವ್ಯವಸ್ಥೆಯೂ ಮೇಲಿನ ಮಾದರಿಗಳಲ್ಲಿ ಬಂದಿದೆ. ಬಿಳಿ ಗೆರೆಯಿರುವ ರಸ್ತೆಗೆ ಅದು ಸರಿ. ಆಳಂದ, ಅಫಜಲಪುರ, ಭಾಲ್ಕಿಯ ಕಡೆ ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಎರಡೆರಡು ಟ್ರಾಲಿಗಳು ರಾತ್ರಿ ಸಾಗುವ ರಸ್ತೆಯಲ್ಲಿ ಅದನ್ನೇ ನಂಬಿ ಕೂರಬೇಡಿ. ಮುಂಭಾಗಕ್ಕೆ ಕೆಸರು ಮೆತ್ತಿಕೊಂಡರೆ ರಾಡಾರ್ ಕುರುಡಾಗುತ್ತದೆ. ಒಂದು ಬಾಟಲಿ ನೀರು, ಒಂದು ಬಟ್ಟೆ ಜೊತೆಗಿರಲಿ.

ಇಷ್ಟೆಲ್ಲ ದೂರು ಬರೆದ ಮೇಲೆ ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ನಾವು ಹಾಡಿ ಹೊಗಳುವ ಹಳೆಯ ಗಾಡಿಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲ. 1985ರಲ್ಲಿ ಬಂದ ಮಾರುತಿ ಜಿಪ್ಸಿ ಮೂರು ದಶಕ ಹೆಚ್ಚು ಬದಲಾಗದೆ ಓಡಿ, ಹೊಸ ಸುರಕ್ಷತಾ ನಿಯಮಗಳು ಎದುರಾದಾಗ ನಿಂತಿತು. ಅಪ್ಪನ ಜೀಪಿನ ಹಿಂದೆ ಎದುರುಬದುರು ಬೆಂಚುಗಳಲ್ಲಿ ಹತ್ತು ಜನ ಕೂಲಿಯವರು ಕೂರುತ್ತಿದ್ದರು, ಯಾರಿಗೂ ಬೆಲ್ಟ್ ಇರಲಿಲ್ಲ. ಹೊಸ ಗಾಡಿಯಲ್ಲಿ ಜನ ಹಿಡಿಯುವುದಿಲ್ಲ ಎಂಬ ದೂರು ನಮ್ಮ ಮನೆಯಲ್ಲೂ ಇದೆ. ಆ ಒಂದು ದೂರಿಗೆ ನಾನು ದನಿಗೂಡಿಸಲಾರೆ. 2020ರ ಥಾರ್ ಗಾಡಿಯನ್ನು ಗುದ್ದಿಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದಕ್ಕೆ ನಾಲ್ಕು ನಕ್ಷತ್ರ ಪಡೆಯಿತು, 2024ರಲ್ಲಿ ಥಾರ್ ರಾಕ್ಸ್ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು. ಮುಂದೆ ಕಬ್ಬಿಣದ ಗಾರ್ಡ್ ಹಾಕಬಾರದೆಂದು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ತಿಳಿಸಿದ್ದಕ್ಕೂ ಅರ್ಥವಿದೆ: ಗುದ್ದಿದ ಪೆಟ್ಟು ಗಾರ್ಡಿನಿಂದ ನೇರ ಚಾಸಿಗೆ, ಎಂದರೆ ಗಾಡಿಯ ತಳದ ಚೌಕಟ್ಟಿಗೆ ಹೋದರೆ ಏರ್‌ಬ್ಯಾಗಿನ ಸಂವೇದಕದ ಲೆಕ್ಕ ತಪ್ಪುತ್ತದೆ, ಎದುರಿಗೆ ಸಿಕ್ಕ ಪಾದಚಾರಿಗಂತೂ ಉಳಿಗಾಲವಿಲ್ಲ.

ಎಲೆಕ್ಟ್ರಾನಿಕ್ಸ್ ಬಂದರೆ ಗಾಡಿ ನಾಜೂಕಾಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಬ್ರಿಟನ್ನಿನ ಲ್ಯಾಂಡ್ ರೋವರ್ ಡಿಫೆಂಡರ್ 2019ರಲ್ಲಿ ಚಾಸಿಯ ಚೌಕಟ್ಟನ್ನೇ ಬಿಟ್ಟು ಮೈಯೂ ಚೌಕಟ್ಟೂ ಒಂದೇ ಆದ ಅಲ್ಯೂಮಿನಿಯಂ ಏಕಕಾಯದ ಗಾಡಿಯಾದಾಗ ಹಳೆಯ ಅಭಿಮಾನಿಗಳು ಸಿಡಿದೆದ್ದರು. ಹಳೆಯದು ಅಧಿಕೃತವಾಗಿ 500 ಮಿಲಿಮೀಟರ್ ಆಳದ ನೀರು ದಾಟುತ್ತಿತ್ತು, ಹೊಸದು 900 ದಾಟುತ್ತದೆ. ನಮ್ಮ ಥಾರಿನ ಮಿತಿ 650, ಗೂರ್ಖಾದ್ದು 700. ಕಾಗಿಣಾ, ಮಾಂಜ್ರಾ, ಭೀಮಾ ನದಿಗಳ ತಗ್ಗು ಸೇತುವೆಗಳ ಮುಂದೆ ನಿಲ್ಲುವ ಪ್ರತಿಯೊಬ್ಬ ಚಾಲಕನಿಗೂ ಈ ಅಂಕಿ ಬಾಯಿಪಾಠವಾಗಿರಬೇಕು. ಇದು ನಿಂತ ನೀರಿನ ಅಳತೆ. ಹರಿಯುವ ನೀರು ಇದರ ಅರ್ಧದಲ್ಲೇ ಗಾಡಿಯನ್ನು ಪಕ್ಕಕ್ಕೆ ತಳ್ಳಬಲ್ಲದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಳೆದ ದೀಪಾವಳಿಗೆ ಚಿತ್ತಾಪುರದ ನನ್ನ ತಂಗಿಯ ಗಂಡ ಗಾಡಿ ಕೊಳ್ಳಲು ಹೊರಟಾಗ ನನ್ನನ್ನು ಕರೆದೊಯ್ದ. ಮಾರುವ ಹುಡುಗ ಗಾಜಿನ ಚಾವಣಿ, ಪರದೆಯ ಅಳತೆ, ಹಾಡಿನ ಪೆಟ್ಟಿಗೆಗಳ ಲೆಕ್ಕ ಹೇಳುತ್ತಿದ್ದ. ನಾನು ಮೊದಲು ಕೇಳಿದ್ದು, ಇದು ಫೋರ್ ವೀಲ್ ಡ್ರೈವೇ ಎಂದು. ಅಲ್ಲ, ಹಿಂದಿನ ಎರಡೇ ಚಕ್ರ. ಥಾರ್‌ನಂಥ ಹೆಸರಿನಲ್ಲೂ 2023ರಿಂದ ಎರಡು ಚಕ್ರದ ಮಾದರಿ ಮಾರಾಟದಲ್ಲಿದೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಸುಲಭಕ್ಕೆ ತಿಳಿಯದು. ನಮ್ಮವನ ಹೊಲ ಕಾಗಿಣಾ ದಂಡೆಯ ಎರೆಯಲ್ಲಿದೆ. ಫೋರ್ ವೀಲ್ ಡ್ರೈವ್ ಮಾದರಿಯನ್ನು ತೋರಿಸಿ ಎಂದೆ. ಅದರ ಮುಂದೆ ನೆಲಕ್ಕೆ ಮಲಗಲು ಹೊರಟಾಗ ಆ ಹುಡುಗ ಓಡಿಹೋಗಿ ಹಳೆಯ ಪತ್ರಿಕೆ ತಂದು ಹಾಸಿದ. ಕೆಳಗೆ ತೆವಳಿ ಹೋಗಿ ಡಿಪಿಎಫ್ ಗಡ್ಡೆ ನೆಲದಿಂದ ಎಷ್ಟು ಎತ್ತರದಲ್ಲಿದೆ, ಆಯಿಲ್ ತಟ್ಟೆಗೆ ಕಬ್ಬಿಣದ ಹೊದಿಕೆ ಇದೆಯೇ ಎಂದು ನೋಡಿದೆ. ಆಮೇಲೆ ಮುಂದಿನ ಕೊಕ್ಕೆ. ತಿರುಪಿ ಕೂರಿಸುವ ಬಳೆ ಡಾಂಬರಿನ ಮೇಲೆ ಎಳೆಯಲಷ್ಟೇ ಸಾಕು, ಎರೆಯಲ್ಲಿ ಹೂತ ಗಾಡಿಯ ಭಾರಕ್ಕೆ ಅದು ಕಿತ್ತು ಬರಬಹುದು. ಇಲ್ಲಿ ಕೊಕ್ಕೆ ಚಾಸಿಗೇ ಎರಡು ಬೋಲ್ಟುಗಳಿಂದ ಬಿಗಿದಿತ್ತು. ಕೈಯಿಂದ ಹಿಡಿದು ಜಗ್ಗಿ ನೋಡಿ, ತಂಗಿಯ ಗಂಡನನ್ನೂ ಕೆಳಗೆ ಕರೆದು ತೋರಿಸಿದೆ.